ಕಬ್ಬಿನ ಹಂಗಾಮು, ನಿಲ್ಲದ ಫೋನು ಮತ್ತು ಅರಣ್ಯಸ್ನಾನ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕಬ್ಬು ವಿಭಾಗದಲ್ಲಿರುವ, ನಲವತ್ತರ ಆಸುಪಾಸಿನ ಅಧಿಕಾರಿಯೊಬ್ಬರು ಹೆಂಡತಿಯ ಒತ್ತಾಯಕ್ಕೆ ನನ್ನ ಬಳಿ ಬಂದರು. ನುರಿಸುವ ಹಂಗಾಮು ಶುರುವಾದಾಗಿನಿಂದ ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ದವಡೆ ಬಿಗಿಹಿಡಿದು ಹಲ್ಲು ನೋಯುತ್ತಿತ್ತು. ಮಕ್ಕಳ ಮೇಲೆ ವಿನಾಕಾರಣ ರೇಗುತ್ತಿದ್ದರು. ಥೈರಾಯ್ಡ್ ಪರೀಕ್ಷೆಯಲ್ಲಿ ದೋಷವಿರಲಿಲ್ಲ, ರಕ್ತದೊತ್ತಡಕ್ಕೆ ವೈದ್ಯರು ಆಗಲೇ ಮಾತ್ರೆ ಆರಂಭಿಸಿದ್ದರು.

ಯಾವ ಹೊಲಕ್ಕೆ ಕಟಾವಿನ ಗ್ಯಾಂಗ್ ಯಾವಾಗ ಹೋಗಬೇಕೆಂಬ ಸರದಿಪಟ್ಟಿ ಅವರ ಕೈಯಲ್ಲಿತ್ತು, ಮತ್ತು ಆ ಪಟ್ಟಿಯಲ್ಲಿ ಅವರದೇ ಊರಿನವರು, ಬೀಗರು, ಸೋದರಮಾವ ಎಲ್ಲರೂ ಇದ್ದರು. ಮಾಗಿದ ಕಬ್ಬು ಹೊಲದಲ್ಲಿ ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆಯಾದ್ದರಿಂದ ರೈತರ ಅವಸರವನ್ನು ತಪ್ಪೆನ್ನಲಾಗದು. “ಮಾವ ಫೋನ್ ಮಾಡಿದ್ರ ಇಲ್ಲ ಅನ್ನಾಕ ಬಾಯಿ ಬರೂದಿಲ್ಲರಿ ಮೇಡಂ. ಹೂಂ ಅಂದ್ರ ಉಳಿದವ್ರಿಗೆ ಅನ್ಯಾಯ ಆಗತೈತಿ,” ಎಂದರು. ನಮ್ಮ ಮಾತುಕತೆಯ ನಡುವೆಯೂ ಅವರ ಜೇಬು ನಡುಗುತ್ತಲೇ ಇತ್ತು.

ಮೊದಲು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಕಣ್ಣು ಮುಚ್ಚಿದೊಡನೆ ಸರದಿಪಟ್ಟಿಯೇ ಎದುರಿಗೆ ಬರುತ್ತದೆಂದು ಅವರು ಬಿಟ್ಟುಬಿಟ್ಟರು. ಇಂಥವರಿಗೆ ಗಮನವನ್ನು ಒಳಗೆ ತಿರುಗಿಸುವುದಕ್ಕಿಂತ ಹೊರಗೆ, ಕಣ್ಣು ಕಿವಿ ಚರ್ಮಗಳ ಕಡೆಗೆ ತಿರುಗಿಸುವುದು ಸುಲಭ. ಆದ್ದರಿಂದಲೇ ಮಾರ್ಗದರ್ಶಕರೊಂದಿಗೆ ಕಾಡಿನ ನಡಿಗೆಯನ್ನು ಸೂಚಿಸಿದೆ.

ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್ರಿನ್-ಯೋಕು’, ಅಂದರೆ ಅರಣ್ಯಸ್ನಾನ, ಎಂಬ ಹೆಸರಿಟ್ಟು ಪ್ರಚಾರಕ್ಕೆ ತಂದ ರೂಢಿಯಿದು. ಅಲ್ಲಿನ 24 ಕಾಡುಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ನಗರದಲ್ಲಿದ್ದಾಗಿನದಕ್ಕಿಂತ ಕಾಡಿನಲ್ಲಿದ್ದಾಗ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಮಟ್ಟ, ನಾಡಿಬಡಿತ ಮತ್ತು ರಕ್ತದೊತ್ತಡ ಕಡಿಮೆಯಿರುವುದು ಕಂಡುಬಂತು. ಭಾಗವಹಿಸಿದವರು ಆರೋಗ್ಯವಂತ ಯುವಕರು, ಅಳತೆಯೂ ಆ ಹೊತ್ತಿನದಷ್ಟೇ. ಇದನ್ನೇ ಹಿಡಿದು ಬಿಪಿ ಮಾತ್ರೆ ಬಿಡಿಸುವವರ ಮಾತನ್ನು ನಂಬಬಾರದು. ಈ ವ್ಯಕ್ತಿಗೆ ಹೆಚ್ಚು ಹೊಂದುವುದು 2015ರ ಅಮೆರಿಕದ ಇನ್ನೊಂದು ಅಧ್ಯಯನ: 90 ನಿಮಿಷ ನಿಸರ್ಗದಲ್ಲಿ ನಡೆದವರಲ್ಲಿ, ಒಂದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವ ಅಭ್ಯಾಸ ತಗ್ಗಿತ್ತು, ವಾಹನಗಳ ರಸ್ತೆಯ ಪಕ್ಕ ನಡೆದವರಲ್ಲಿ ತಗ್ಗಿರಲಿಲ್ಲ.

ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆಯ ಕಾಡಂಚಿನಲ್ಲಿ, ಆ ಪ್ರದೇಶ ಬಲ್ಲವರೊಬ್ಬರ ಜೊತೆ ಭಾನುವಾರದ ನಡಿಗೆ ಗೊತ್ತಾಯಿತು, ನಾನೂ ಹೋಗಿದ್ದೆ. ಫೋನು ಗಾಡಿಯಲ್ಲೇ ಉಳಿಯಿತು, ಕೈಗಡಿಯಾರ ಉಳಿಯಲಿಲ್ಲ. ಅರ್ಧ ದಾರಿಯಲ್ಲಿ ಹೆಜ್ಜೆಗಳ ಲೆಕ್ಕ ನೋಡಿ, “ಇಷ್ಟೊತ್ತಿನಾಗ ಒಂದು ಕಿಲೋಮೀಟರೂ ಆಗ್ಲಿಲ್ಲಲ್ಲರಿ, ಇದೆಂಥಾ ವಾಕಿಂಗ್?” ಎಂದು ಬೇಸರಿಸಿಕೊಂಡರು. ಕಾರ್ಖಾನೆಯ ಟನ್ನಿನ ಲೆಕ್ಕ ಕಾಡಿಗೂ ಬಂದಿತ್ತು. ಮಾರ್ಗದರ್ಶಕರು ವಾದಿಸದೆ ಅವರನ್ನು ಒಂದು ಮತ್ತಿಮರದ ಬಳಿ ನಿಲ್ಲಿಸಿ, ಮೊಸಳೆಯ ಬೆನ್ನಿನಂತೆ ಸೀಳುಸೀಳಾದ ಅದರ ತೊಗಟೆಯ ಮೇಲೆ ಅಂಗೈ ಇಡಲು ಹೇಳಿದರು. ಪಕ್ಕದ ಕೊಂಬೆಯಲ್ಲಿ ಕೆಂಜಿಗಗಳು ಹಸಿ ಎಲೆಗಳ ಅಂಚನ್ನು ಸಾಲಾಗಿ ಕಚ್ಚಿ ಎಳೆದು ಹಿಡಿದಿದ್ದವು. ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಉಗುಳುವ ರೇಷ್ಮೆಯ ಎಳೆಯಿಂದ ಆ ಎಲೆಗಳನ್ನು ಹೊಲಿಯುತ್ತಿದ್ದವು. ಅದನ್ನು ನೋಡುತ್ತ ನಿಂತವರು ಬಹಳ ಹೊತ್ತಿನ ಮೇಲೆ ತಾವಾಗಿಯೇ, ದವಡೆ ಸಡಿಲವಾಗಿದೆ ಎಂದರು.

ನಾನು ಕೊಟ್ಟ ಸಲಹೆಯಲ್ಲಿ ಕಾಡಿನ ಪಾಲು ಅರ್ಧ ಮಾತ್ರ. ವಾರಕ್ಕೊಮ್ಮೆ ದೂರ ಹೋಗಲಾಗದ ದಿನಗಳಲ್ಲಿ ಬೆಳಗಾವಿ ನಗರದೊಳಗಿನ ವ್ಯಾಕ್ಸಿನ್ ಡಿಪೋ ಎಂಬ ಹಸಿರು ಆವರಣದ ಮರಗಳ ನಡುವೆ ಬೆಳಿಗ್ಗೆ ಅರ್ಧ ಗಂಟೆ, ಗಡಿಯಾರವಿಲ್ಲದೆ, ನಿಂತು ನಿಂತು ನಡೆಯಬೇಕೆಂದೆ. ಕಾಡಿಗೆ ಒಬ್ಬರೇ ಹೋಗಬಾರದು. ಖಾನಾಪುರದ ಕಾಡುಗಳಲ್ಲಿ ಕರಡಿಗಳಿವೆ, ಆದ್ದರಿಂದ ಮುಸ್ಸಂಜೆಗೆ ಮುಂಚೆ ಹೊರಬರಬೇಕು, ಮತ್ತು 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ತುಂಬು ತೋಳಿನ ಅಂಗಿ ತೊಟ್ಟು, ಮನೆಗೆ ಬಂದ ಮೇಲೆ ಮೈಮೇಲೆ ಉಣ್ಣಿ ಹತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಉಳಿದರ್ಧ ಫೋನಿನದು, ಹೆಚ್ಚು ಕಷ್ಟದ್ದೂ ಅದೇ. ಸರದಿಪಟ್ಟಿಯನ್ನು ಊರಿನ ಸೊಸೈಟಿಯ ಗೋಡೆಗೆ ಅಂಟಿಸಿ, ಸಂಜೆಯ ಒಂದು ತಾಸು ಮಾತ್ರ ಆ ಕುರಿತ ಕರೆಗಳನ್ನು ತೆಗೆದುಕೊಳ್ಳಬೇಕು, ಮಾವನಿಗೂ ಅದೇ ಉತ್ತರ ಕೊಡಬೇಕು ಎಂದು ತಿಳಿಸಿ, ಆ ಸಂಭಾಷಣೆಯನ್ನು ನನ್ನ ಎದುರಿಗೇ ಅಭ್ಯಾಸ ಮಾಡಿಸಿದೆ. “ಮಾವಾ, ಪಟ್ಟಿಯಾಗ ನಿಮ್ಮ ತಾರೀಖು ಐತಿ, ಅದಕ್ಕ ಗ್ಯಾಂಗ್ ಬರತೈತಿ,” ಎಂಬ ಒಂದು ವಾಕ್ಯ ಹೇಳಲು ಅವರು ಮೊದಲ ಸಲ ಬೆವತರು. ಮೂರು ನಡಿಗೆಗಳಾದ ಮೇಲೆ ನಿಜವಾದ ಮಾವನಿಗೆ ಹೇಳಿದರು. ಮಾವ ಕೆಲ ದಿನ ಮಾತು ಬಿಟ್ಟರು, ಆಮೇಲೆ ಸರಿಹೋಯಿತು. ಕಾಡು ಕಟಾವಿನ ಸಮಸ್ಯೆಯನ್ನು ಬಗೆಹರಿಸಲಿಲ್ಲ, ಆದರೆ ‘ಇಲ್ಲ’ ಎಂದು ಹೇಳಬಲ್ಲಷ್ಟು ನೆಮ್ಮದಿಯನ್ನು ಅದು ಅವರಿಗೆ ಕೊಟ್ಟಿತೆಂದೇ ನನ್ನ ಅಂದಾಜು.

ಈಗ ಅವರು ವಾರದ ಹೆಚ್ಚಿನ ರಾತ್ರಿಗಳಲ್ಲಿ ಬೆಳಗಿನ ತನಕ ಮಲಗುತ್ತಾರೆ, ಗ್ಯಾಂಗ್ ಕೈಕೊಟ್ಟ ದಿನ ಮಾತ್ರ ಮೂರಕ್ಕೆ ಏಳುತ್ತಾರೆ. ಮಾತ್ರೆ ಮುಂದುವರಿದಿದೆ, ಅದನ್ನು ಇಳಿಸುವ ನಿರ್ಧಾರ ವೈದ್ಯರದು. ನಿದ್ದೆಗೇಡು ಮತ್ತೆ ವಾರಗಟ್ಟಲೆ ಮುಂದುವರಿದರೆ, ಅಥವಾ ಬದುಕೇ ಬೇಡವೆನಿಸಿದರೆ, ನಡಿಗೆಗೆ ಕಾಯದೆ ಮನೋವೈದ್ಯರನ್ನು ಕಾಣಬೇಕು ಇಲ್ಲವೇ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು ಎಂದು ಅವರ ಹೆಂಡತಿಗೂ ಹೇಳಿದ್ದೇನೆ.