ಜಿಮ್ ಬಿಡುವ ಮುನ್ನ ತಾರೀಖು ನೋಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಲ್ಲಿನ ಜಿಮ್ ಒಂದಕ್ಕೆ ತಿಂಗಳಿಗೆ 1,200 ರೂಪಾಯಿ ಕಟ್ಟುತ್ತಿದ್ದೆ. ಪ್ರತಿ ತಿಂಗಳ 5ಕ್ಕೆ ಯುಪಿಐ ಆಟೋಪೇಯಲ್ಲಿ ಹಣ ತಾನಾಗಿ ಹೋಗುತ್ತದೆ. ಹಾಸನಕ್ಕೆ ವರ್ಗವಾದದ್ದರಿಂದ ಮೇ ಕೊನೆಯಲ್ಲಿ ಕೌಂಟರಿನ ಹುಡುಗನಿಗೆ ಹೇಳಿ ಬಂದೆ. ಆಮೇಲೂ ಎರಡು ತಿಂಗಳ ಹಣ ಕಡಿತವಾಗಿದೆ. ಕೇಳಿದರೆ, '30 ದಿನದ ಲಿಖಿತ ನೋಟಿಸ್ ಎಲ್ಲಿ?' ಅನ್ನುತ್ತಾರೆ.
- ಓದುಗರು, ಕುಶಾಲನಗರ

ಉತ್ತರ: ಕೌಂಟರಿನಲ್ಲಿ ಹೇಳಿದ ಮಾತು ನಿಮಗೆ ನೆನಪಿದೆ, ಅವರ ರಿಜಿಸ್ಟರಿನಲ್ಲಿ ಇಲ್ಲ. ಜಿಮ್‌ಗೆ ಹೋಗುವುದನ್ನು ನಿಲ್ಲಿಸಿದರೆ ಸದಸ್ಯತ್ವ ರದ್ದಾಗುವುದಿಲ್ಲ. ಆಟೋಪೇ ನಿಲ್ಲಿಸಿದರೂ ಆಗುವುದಿಲ್ಲ. ಅದು ಹಣ ಹೋಗುವ ದಾರಿಯನ್ನಷ್ಟೇ ಮುಚ್ಚುತ್ತದೆ, ಬಾಕಿ ಲೆಕ್ಕ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಹಳೆಯ ಹಣದ ಜಗಳ ಬದಿಗಿಟ್ಟು, ಮೊದಲು ಇವತ್ತೇ ನೋಟಿಸ್ ಕೊಡಿ.

ಕೊಡುವ ಮೊದಲು ಸೇರುವಾಗ ಸಹಿ ಹಾಕಿದ ಫಾರ್ಮಿನ ಹಿಂಬದಿ ಓದಿ. ನೋಟಿಸ್ ಯಾರಿಗೆ, ಯಾವ ರೂಪದಲ್ಲಿ ತಲುಪಬೇಕು, 30 ದಿನ ಯಾವಾಗಿನಿಂದ ಎಣಿಕೆ ಎಂಬುದು ಅಲ್ಲಿರುತ್ತದೆ. ಜನ ಎಡವುವುದು ಈ ಎಣಿಕೆಯಲ್ಲೇ. ಸಾಮಾನ್ಯವಾಗಿ ಬರೆದ ದಿನವಲ್ಲ, ಅವರ ಕೈ ಸೇರಿದ ದಿನ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಪತ್ರ ಜೂನ್ 4ಕ್ಕೆ ತಲುಪಿದ್ದರೆ ಮರುದಿನದಿಂದ ಎಣಿಸಿ 30 ದಿನ ಜುಲೈ 4ಕ್ಕೆ ಮುಗಿಯುತ್ತಿತ್ತು, 5ರ ಕಡಿತವೇ ಬರುತ್ತಿರಲಿಲ್ಲ. ಅದೇ ಪತ್ರ ಜೂನ್ 8ಕ್ಕೆ ತಲುಪಿದರೆ ಅವಧಿ ಜುಲೈ 8ರವರೆಗೆ ಎಳೆಯುತ್ತದೆ. ನಡುವೆ 5ನೇ ತಾರೀಖು ಬಂತು, ಇನ್ನೊಂದು 1,200 ಹೋಯಿತು. ನಾಲ್ಕು ದಿನದ ತಡಕ್ಕೆ ಒಂದು ತಿಂಗಳ ಶುಲ್ಕ! ಹಾಗಾಗಿ ಪ್ರತಿ ಸಲ ಕಡಿತದ ದಿನದಿಂದ ಹಿಂದಕ್ಕೆ ಎಣಿಸಿ.

ಪತ್ರ ಉದ್ದ ಬೇಡ. 'ನನ್ನ ಸದಸ್ಯತ್ವ ಸಂಖ್ಯೆ ಇಷ್ಟು. ಈ ಪತ್ರ ನಿಮ್ಮ ಕೈ ಸೇರಿದ ದಿನದಿಂದ 30 ದಿನದ ನೋಟಿಸ್ ನೀಡುತ್ತಿದ್ದೇನೆ. ಕೊನೆಯ ದಿನ ಇಂಥದು. ಆ ಬಳಿಕ ಯಾವ ಹಣವನ್ನೂ ಕಡಿತ ಮಾಡಬಾರದು. ರದ್ದತಿಯನ್ನು ಲಿಖಿತವಾಗಿ ದೃಢಪಡಿಸಿ' - ಇಷ್ಟು ಸಾಕು. ಕಾರಣ ಬರೆಯಬೇಕೆಂದೇನೂ ಇಲ್ಲ. ವರ್ಗಾವಣೆಗೆ ರಿಯಾಯಿತಿ ಇದ್ದರೆ ಮಾತ್ರ ಆದೇಶದ ಪ್ರತಿ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಸನದಲ್ಲಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ತಲುಪಿದ ದಿನಾಂಕ ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಮುದ್ರಿಸಿಡಿ. ಜೊತೆಗೆ ಇಮೇಲ್ ಮತ್ತು ವಾಟ್ಸ್‌ಆ್ಯಪ್‌ನಲ್ಲೂ ಹಾಕಿ. ನಮ್ಮ ಮಳೆಗಾಲದಲ್ಲಿ ರಸ್ತೆ ಕುಸಿದು ಟಪಾಲು ತಡವಾಗುವುದು ಹೊಸದಲ್ಲ, ಆದ್ದರಿಂದ ಅಂಚೆಯೊಂದನ್ನೇ ನಂಬಬೇಡಿ.

ಆಟೋಪೇಯನ್ನು ನೋಟಿಸಿನ ಅವಧಿಯೊಳಗೆ ಬರುವ ಕೊನೆಯ ಕಡಿತ ಮುಗಿದ ಮೇಲೆ ರದ್ದು ಮಾಡಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಎಂಬಲ್ಲಿ ಜಿಮ್ ಹೆಸರು ಹುಡುಕಿ, ರದ್ದು ಒತ್ತಿ ಪಿನ್ ಹಾಕುವುದು, ಅಷ್ಟೆ. ಮುಂದಿನ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ಆ ಸಂದೇಶಕ್ಕೆ ಕಾಯದೆ ಎರಡು ದಿನ ಮೊದಲೇ ಮುಗಿಸಿ. ಬ್ಯಾಂಕ್ ಫಾರ್ಮಿಗೆ ಸಹಿ ಹಾಕಿ ಕೊಟ್ಟ ಮ್ಯಾಂಡೇಟ್ ಆಗಿದ್ದರೆ ಶಾಖೆಗೆ ಹೋಗಿ ಬರೆದುಕೊಡಬೇಕಾಗಬಹುದು.

ಹೋದ ಎರಡು ತಿಂಗಳ ಬಗ್ಗೆ: ಮೇ ಕೊನೆಯ ವಾರ ಆ ಹುಡುಗನಿಗೋ ಮಾಲೀಕರಿಗೋ ವಾಟ್ಸ್‌ಆ್ಯಪ್ ಮಾಡಿದ್ದರೆ ಹುಡುಕಿ. ಅದಿದ್ದರೆ ಜುಲೈ ಕಂತು ಕೇಳಲು ಹಿಡಿತ ಸಿಗುತ್ತದೆ. ಜೂನ್ ಕಂತು ನೋಟಿಸಿನ ಅವಧಿಯೊಳಗೇ ಬರುತ್ತದೆ, ಬಿಟ್ಟುಬಿಡಿ.

ಪ್ರಶ್ನೆ: ವರ್ಷಕ್ಕೆ 12,000 ರೂಪಾಯಿಯ ಸದಸ್ಯತ್ವವನ್ನು ಇಎಂಐನಲ್ಲಿ ಪಡೆದೆ. ನಾಲ್ಕು ತಿಂಗಳಾದ ಮೇಲೆ ಹಾಕಿ ಆಡುವಾಗ ಮೊಣಕಾಲಿನ ಲಿಗಮೆಂಟ್‌ಗೆ ಪೆಟ್ಟಾಯಿತು. 'ಹಣ ವಾಪಸಿಲ್ಲ' ಎಂದು ರಸೀದಿಯಲ್ಲೇ ಇದೆ. ಇಎಂಐ ನಿಲ್ಲಿಸಬಹುದೆ?
- ಓದುಗರು, ಪೊನ್ನಂಪೇಟೆ

ಉತ್ತರ: ನಿಲ್ಲಿಸಬೇಡಿ. ಸಾಲ ಕೊಟ್ಟ ಕಂಪೆನಿ ಜಿಮ್‌ಗೆ ಹಣ ಕೊಟ್ಟಾಗಿದೆ. ಕಂತು ತಪ್ಪಿದರೆ ಕೆಡುವುದು ನಿಮ್ಮ ಸಿಬಿಲ್ ಅಂಕ. ಜಿಮ್ ರದ್ದತಿಗೆ ಒಪ್ಪಿ ಹಣವನ್ನು ಸಾಲದಾತರಿಗೆ ಹಿಂತಿರುಗಿಸಿದಾಗಷ್ಟೇ ಸಾಲ ಇಳಿಯುತ್ತದೆ.

ವೈದ್ಯರು ಎರಡು-ಮೂರು ತಿಂಗಳ ವಿಶ್ರಾಂತಿ ಹೇಳಿದ್ದರೆ ರದ್ದತಿಗಿಂತ 'ಫ್ರೀಜ್' (ಸದಸ್ಯತ್ವವನ್ನು ಅಷ್ಟು ಕಾಲ ತಡೆಹಿಡಿಯುವುದು) ಕೇಳುವುದು ಲಾಭ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು, ಮುಂದೂಡಿದ ಮುಕ್ತಾಯ ದಿನಾಂಕವನ್ನು ಬರೆಸಿಕೊಳ್ಳಿ. ಪೂರ್ತಿ ಬಿಡುವುದೇ ಆದರೆ ಉಳಿದ ಎಂಟು ತಿಂಗಳಿಗೆ 8,000 ಕೇಳಿ. ಅವರು ಬಳಸಿದ ತಿಂಗಳುಗಳನ್ನು ಮಾಸಿಕ ದರದಲ್ಲಿ ಕಳೆಯುತ್ತಾರೆ. ಆ ದರ 1,500 ಇದ್ದರೆ 6,000 ಹೋಗಿ 6,000 ಉಳಿಯುತ್ತದೆ. ನಡುವೆ ಎಲ್ಲಿ ಒಪ್ಪಿದರೂ ಕೆಟ್ಟ ವ್ಯವಹಾರವಲ್ಲ.

'ವಾಪಸಿಲ್ಲ' ಎಂಬ ಸಾಲು ದೇವರ ಮಾತೇನಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮು ಕರಾರು ಮುರಿದಾಗ ನ್ಯಾಯವಾದ ಪರಿಹಾರಕ್ಕಷ್ಟೇ ಅವಕಾಶ ಕೊಡುತ್ತದೆ. ನಷ್ಟಕ್ಕೆ ಮೀರಿದ ದಂಡ ಹೇರುವ ಕರಾರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎನ್ನುತ್ತದೆ. ಆದರೆ ಪೆಟ್ಟಾದದ್ದು ಜಿಮ್‌ನ ತಪ್ಪಲ್ಲ. ಹಾಗಾಗಿ ನಿಮ್ಮ ವಾದಕ್ಕೆ ಮಾತುಕತೆಯ ಬಲ ಹೆಚ್ಚು, ಮೊಕದ್ದಮೆಯ ಬಲ ಕಡಿಮೆ.

ಪ್ರಶ್ನೆ: ಮಳೆ ಶುರುವಾದ ಮೇಲೆ ಕರೆಂಟಿಲ್ಲವೆಂದು ಜಿಮ್ ಬಾಗಿಲು ಹಾಕಿರುವ ದಿನಗಳೇ ಹೆಚ್ಚು. ಜನರೇಟರ್ ಇದೆ ಎಂದು ಹೇಳಿ ಸೇರಿಸಿಕೊಂಡಿದ್ದರು. ಎಲ್ಲಿ ದೂರು ಕೊಡಲಿ?
- ಓದುಗರು, ಗೋಣಿಕೊಪ್ಪಲು

ಉತ್ತರ: ಟ್ರೆಡ್‌ಮಿಲ್ ಒಂದೆರಡು ಗಂಟೆ ನಿಂತಿತೆಂದು ದೂರಿದರೆ ಯಾರೂ ಕೇಳುವುದಿಲ್ಲ. ಮುಚ್ಚಿದ ದಿನಗಳ ತಾರೀಖು, ಬಾಗಿಲಿನ ಫೋಟೊ, ಜನರೇಟರ್ ಎಂದು ಬರೆದ ಜಾಹೀರಾತು ಕೂಡಿಸಿ. 15 ದಿನ ಗಡುವು ಕೊಟ್ಟು ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲೂ ಆಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಒಂದು ಸೂಕ್ಷ್ಮ: ದೂರನ್ನು 'ಸೇವಾ ನ್ಯೂನತೆ' ಎಂದೇ ಬರೆಯಿರಿ. ಕರಾರೇ ಅನ್ಯಾಯದ್ದು ಎಂದು ಬರೆದರೆ ಅದನ್ನು ಕೇಳುವುದು ಬೆಂಗಳೂರಿನ ರಾಜ್ಯ ಆಯೋಗ.