ಇಳಿಸಿದ ಗಾಡಿ, ಒಳಗಿಂದ ಸವೆಯುವ ಟೈರು

ಗಾಡಿ–ಗಾಲಿ: ಓದುಗರ ಪ್ರಶ್ನೆ, ಕಲಬುರಗಿಯ ಅಲೈನ್‌ಮೆಂಟ್ ಅಂಗಡಿಯಿಂದ ಉತ್ತರ

ಪ್ರಶ್ನೆ: ಕಾಕಾ, ನಮಸ್ಕಾರ. ಹೋದ ದೀಪಾವಳಿಗೆ ನನ್ನ ಸ್ವಿಫ್ಟ್ ಗಾಡಿ ಸ್ಪ್ರಿಂಗ್ ಕಟ್ ಮಾಡಿಸಿ ಕೆಳಗ ಇಳಿಸೀನಿ. ಎರಡು ಬೆರಳಿನಷ್ಟು ಕೆಳಗ ಬಂದದ. ಮುಂದಿನ ಟೈರ್ ಹೊರಗಿಂದ ನೋಡಿದ್ರ ಹೊಸಾವ ಅನಸ್ತಾವ, ಒಳಗಿನ ಅಂಚು ಮಾತ್ರ ಪೂರಾ ನುಣ್ಣಗಾಗಿ ತಂತಿ ಕಾಣ್ಲಿಕತ್ಯಾದ. ಅಲೈನ್‌ಮೆಂಟ್ ಎರಡು ಸಲ ಮಾಡಿಸೀನಿ, ಚೀಟಿ ಕಳಿಸೀನಿ ನೋಡ್ರಿ. ಮೊದಲನೇದ್ರಾಗ ಎಡ ಗಾಲಿ ಕ್ಯಾಂಬರ್ ಮೈನಸ್ 1 ಡಿಗ್ರಿ 40 ಮಿನಿಟ್, ಟೋ ಮೈನಸ್ 28 ಮಿನಿಟ್. ಬಲ ಗಾಲಿನೂ ಹತ್ತಿರ ಹತ್ತಿರ ಅಷ್ಟೇ. ಎರಡನೇ ಸಲ ಟೋ ಹಸಿರು (ಮಿತಿಯೊಳಗ) ಬಂತು, ಕ್ಯಾಂಬರ್ ಕೆಂಪೇ (ಮಿತಿ ಮೀರಿ) ಉಳೀತು. ಆಮ್ಯಾಲೂ ಸವೀಲಿಕತ್ಯಾದ. ಕ್ಯಾಂಬರ್ ಹಿಂಗಿದ್ರ ಟೈರ್ ತಿನ್ನೋದೇ ಅಂತ ಮೆಕ್ಯಾನಿಕ್ ಅಂತಾರ. ಹೊಸ ಟೈರ್ ಹಾಕಿಸಿಬಿಡಲೇನು?
— ಓದುಗ, ಸೇಡಂ ರಸ್ತೆ, ಕಲಬುರಗಿ

ಉತ್ತರ: ತಮ್ಮಾ, ಮೊದಲು ಗಾಡಿ ನಿಲ್ಲಿಸು. ತಂತಿ ಕಂಡ ಟೈರಿನ ಮೇಲೆ ಊರೊಳಗೂ ಓಡಾಡಬೇಡ, ಹೈದರಾಬಾದ್ ದಾರಿಯಂತೂ ಬೇಡವೇ ಬೇಡ. ಕಾರಿನ ಟೈರಿಗೆ ಕಾಯ್ದೆ ಹೇಳುವ ಕೊನೆಯ ಮಿತಿ 1.6 ಮಿಲಿಮೀಟರ್ ಆಳದ ಗೀರು. ನಿನ್ನ ಟೈರು ಹೊರಗೆ ಎಷ್ಟೇ ಚಂದ ಕಂಡರೂ ಒಳ ಅಂಚಿನಲ್ಲಿ ಆ ಮಿತಿ ಎಂದೋ ದಾಟಿದೆ. 42 ಡಿಗ್ರಿ ಬಿಸಿಲಲ್ಲಿ ಕಾದ ರಸ್ತೆಯ ಮೇಲೆ ಅದು ಸಿಡಿದರೆ ಹಿಡಿಯಲು ಸ್ಟೀರಿಂಗ್ ಸಾಲುವುದಿಲ್ಲ.

ಇನ್ನು ಚೀಟಿ. ನಿನ್ನ ಟೈರು ತಿಂದದ್ದು ಹೆಚ್ಚಾಗಿ ಕ್ಯಾಂಬರ್ ಅಲ್ಲ, ಟೋ. ಕ್ಯಾಂಬರ್ ಎಂದರೆ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲುವುದು. ಮುಂದಿನಿಂದ ನೋಡಿದರೆ ಕಾಣುತ್ತದೆ, ಅದಕ್ಕೇ ಎಲ್ಲರೂ ಅದರ ಮೇಲೆ ತಪ್ಪು ಹೊರಿಸುತ್ತಾರೆ. ಟೋ ಎಂದರೆ ಗಾಲಿಯ ಮೂಗು ಯಾವ ಕಡೆ ತಿರುಗಿದೆ ಎಂಬುದು. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಮೈನಸ್ ಎಂದರೆ ನಿನ್ನ ಎರಡೂ ಗಾಲಿಗಳ ಮೂಗು ಹೊರಕ್ಕೆ. 60 ಮಿನಿಟಿಗೆ ಒಂದು ಡಿಗ್ರಿ, ಅಂದರೆ 28 ಮಿನಿಟು ಅರ್ಧ ಡಿಗ್ರಿಗಿಂತ ಒಂಚೂರು ಕಡಿಮೆ. ಅಷ್ಟರಲ್ಲಿ ಏನಾಗುತ್ತದೆ ಎಂದು ನಿನಗೆ ಅನಿಸಬಹುದು. ಲೆಕ್ಕ ಹಾಕಿ ನೋಡು: ಆ ಓರೆಯಲ್ಲಿ ಗಾಲಿ ಪ್ರತಿ ಕಿಲೋಮೀಟರಿಗೆ ಸುಮಾರು 8 ಮೀಟರು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಇಲ್ಲಿಂದ ಹುಮನಾಬಾದ್ ದಾಟಿ ಬೀದರ್ ಮುಟ್ಟುವಷ್ಟರಲ್ಲಿ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ದೂರ ರಬ್ಬರನ್ನು ಡಾಂಬರಿನ ಮೇಲೆ ಅಡ್ಡ ಎಳೆದಂತಾಯಿತು. ಕ್ಯಾಂಬರ್ ಮಾಡಿದ ಕೆಲಸ ಇಷ್ಟೇ: ಭಾರವನ್ನೆಲ್ಲ ಒಳ ಅಂಚಿಗೆ ತಳ್ಳಿ, ಆ ಉಜ್ಜಾಟ ಅಲ್ಲೇ ನಡೆಯುವಂತೆ ಮಾಡಿತು. ಟೋ ಸರಿಯಿದ್ದಿದ್ದರೆ ಒಂದೂವರೆ ಡಿಗ್ರಿ ಕ್ಯಾಂಬರಿಗೆ ಟೈರು ನಿಧಾನಕ್ಕೆ ಸವೆಯುತ್ತಿತ್ತು, ಇಷ್ಟು ಬೇಗ ತಂತಿ ತೋರಿಸುತ್ತಿರಲಿಲ್ಲ.

ನನ್ನ ಮಾತು ನಂಬಬೇಡ, ಕೈಯಿಂದ ನೋಡಿಕೋ. ಸ್ಟೀರಿಂಗ್ ಪೂರಾ ತಿರುಗಿಸಿ, ಇನ್ನೂ ಗೀರು ಉಳಿದ ಜಾಗದಲ್ಲಿ ಟೈರಿನ ಮೇಲೆ ಅಂಗೈ ಇಟ್ಟು ಅಡ್ಡಕ್ಕೆ ಎಳೆ. ತಂತಿ ಎದ್ದ ಜಾಗಕ್ಕೆ ಮಾತ್ರ ಕೈ ಒಯ್ಯಬೇಡ, ಕುಯ್ಯುತ್ತದೆ. ಹೊರಗಿನಿಂದ ಒಳಕ್ಕೆ ಎಳೆದಾಗ ಗರಗಸದಂತೆ ಚುಚ್ಚಿ, ಒಳಗಿನಿಂದ ಹೊರಕ್ಕೆ ಬಂದಾಗ ನಯವಾಗಿದ್ದರೆ ಅದು ಟೋ-ಔಟ್, ಅಂದರೆ ಮೂಗು ಹೊರಕ್ಕೆ. ಎರಡೂ ಕಡೆ ನಯವಾಗಿದ್ದು ಒಂದು ಅಂಚು ಮಾತ್ರ ಇಳಿದಿದ್ದರೆ ಆಗ ಕ್ಯಾಂಬರನ್ನು ಬೈಯಬಹುದು. ನನ್ನ ಹುಡುಗರಿಗೆ ಮಷೀನು ಮುಟ್ಟಿಸುವ ಮೊದಲು ಇದನ್ನೇ ಕಲಿಸುತ್ತೇನೆ.

ಗಾಡಿ ಇಳಿಸಿದರೆ ಟೋ ಯಾಕೆ ಕೆಡುತ್ತದೆ? ಗಾಲಿಯನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ಒಂದು ಕೀಲಿನಿಂದ ತಿರುಗುತ್ತದೆ, ಸ್ಟೀರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ಟೈ ರಾಡ್ ಇನ್ನೊಂದು ಕೀಲಿನಿಂದ. ಕಂಪನಿ ಕೊಟ್ಟ ಎತ್ತರದಲ್ಲಿ ಇವೆರಡೂ ಹೊಂದಿಕೊಂಡು ಏರಿಳಿಯುವಂತೆ ಕೂಡಿಸಿರುತ್ತಾರೆ. ಎರಡು ಬೆರಳು ಇಳಿಸಿದಾಗ ಆ ಹೊಂದಿಕೆ ತಪ್ಪಿ, ಟೈ ರಾಡು ಗಾಲಿಯನ್ನು ಒಂದು ಕಡೆ ತಳ್ಳಿಯೋ ಎಳೆದೋ ಬಿಡುತ್ತದೆ. ಯಾವ ಕಡೆ ಎಂಬುದು ಸ್ಟೀರಿಂಗ್ ರ್‍ಯಾಕ್ ಎಲ್ಲಿ ಕೂತಿದೆ ಎಂಬುದರ ಮೇಲೆ ಹೋಗುತ್ತದೆ.

ಹಸಿರು ಬಂದ ಮೇಲೂ ಯಾಕೆ ನಿಲ್ಲಲಿಲ್ಲ ಎಂಬುದು ನಿನ್ನ ಪ್ರಶ್ನೆಯ ಜೀವಾಳ. ಹಸಿರು ಬಂದದ್ದು ರ್‍ಯಾಂಪಿನ ಮೇಲೆ, ಖಾಲಿ ನಿಂತ ಗಾಡಿಗೆ. ರಸ್ತೆಯಲ್ಲಿ ಗಾಡಿ ನಿಂತಿರುವುದಿಲ್ಲ. ನಮ್ಮದು ಎರಿ ನೆಲ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲಿನ ಡಾಂಬರು ಅಲೆ ಅಲೆಯಾಗಿ ನಿಲ್ಲುತ್ತದೆ. ಜೇವರ್ಗಿ ಕಡೆ ಹೋದವರಿಗೆ ನಾನು ಹೇಳಬೇಕಾಗಿಲ್ಲ. ಪ್ರತಿ ಅಲೆಗೂ ಇಳಿಸಿದ ಗಾಡಿಯ ಟೋ ಹೊರಗೊಮ್ಮೆ ಒಳಗೊಮ್ಮೆ ಹೋಗಿಬರುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಆ ಕತ್ತರಿಸಿದ ಸ್ಪ್ರಿಂಗು. ಇದನ್ನು ನಾನು ಕಟುವಾಗಿಯೇ ಹೇಳುತ್ತೇನೆ: ಸ್ಪ್ರಿಂಗ್ ಕತ್ತರಿಸುವುದು ಗಾಡಿ ಇಳಿಸುವುದಲ್ಲ, ಗಾಡಿ ಕೆಡಿಸುವುದು. ಗ್ಯಾಸಿನಿಂದ ಕತ್ತರಿಸಿದರೆ ಆ ಕಾವಿಗೆ ಉಕ್ಕಿನ ಹದ ಹೋಗುತ್ತದೆ. ಹದ ಹೋದ ಸ್ಪ್ರಿಂಗು ತಿಂಗಳು ತಿಂಗಳಿಗೆ ಕೂರುತ್ತಲೇ ಹೋಗುತ್ತದೆ, ಅದು ಕೂತಷ್ಟೂ ನೀನು ರೊಕ್ಕ ಕೊಟ್ಟು ಮಾಡಿಸಿದ ಟೋ ಮತ್ತೆ ಜರುಗುತ್ತದೆ. ಉಳಿದ ಸುತ್ತುಗಳು ಮೆತ್ತಗಾಗುವುದೂ ಇಲ್ಲ. ಕೆಲಸ ಮಾಡುವ ಐದು ಸುತ್ತಿನಲ್ಲಿ ಒಂದು ತೆಗೆದರೆ ಉಳಿದ ನಾಲ್ಕು ಶೇ 25ರಷ್ಟು ಗಟ್ಟಿಯಾಗುತ್ತವೆ. ಶಾಕ್ ಅಬ್ಸಾರ್ಬರ್ ಹಳೆಯದೇ ಇರುತ್ತದೆ, ಅದಕ್ಕೆ ಈ ಗಟ್ಟಿ ಸ್ಪ್ರಿಂಗನ್ನು ಹಿಡಿಯಲಾಗದು. ಒಳಗೆ ಹೋಗಲು ಜಾಗವೂ ಕಡಿಮೆಯಾಗಿ ಉಬ್ಬು ಸಿಕ್ಕಾಗಲೆಲ್ಲ ರಬ್ಬರ್ ಸ್ಟಾಪಿಗೆ ಹೊಡೆಯುತ್ತದೆ. ಒಂದು ಪರೀಕ್ಷೆ ಇದೆ: ಜಾಕ್ ಹಾಕಿ ಕೆಳಗೆ ಸ್ಟ್ಯಾಂಡ್ ಕೊಟ್ಟು ಗಾಲಿ ಪೂರಾ ಜೋತುಬಿದ್ದಾಗ ಸ್ಪ್ರಿಂಗನ್ನು ಕೈಯಿಂದ ಅಲ್ಲಾಡಿಸು. ಅಲ್ಲಾಡಿದರೆ ಅದು ಯಾವುದಾದರೂ ತಗ್ಗಿನಲ್ಲಿ ತನ್ನ ಬಟ್ಟಲು ಬಿಟ್ಟು ಹೊರಬೀಳಬಹುದು.

ಆದ್ದರಿಂದ ಹೊಸ ಟೈರು ಈಗ ಬೇಡ, ಅದು ಕೊನೆಯ ಖರ್ಚು. ಮೊದಲು ನಾಲ್ಕೂ ಕಡೆ ಕಂಪನಿ ಸ್ಪ್ರಿಂಗ್ ಹಾಕಿಸು. ತಗ್ಗಿಸಲೇಬೇಕೆಂಬ ಹಟವಿದ್ದರೆ ನಿನ್ನ ಮಾಡೆಲ್ಲಿಗೆಂದೇ ಮಾಡಿದ ಗಿಡ್ಡ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಕೂಡಿಯೇ ಹಾಕಿಸಬೇಕು. ನಮ್ಮ ರಸ್ತೆಗೆ ಅದನ್ನೂ ನಾನು ಹೇಳಲಾರೆ. ಸ್ಪ್ರಿಂಗ್ ಬಿಚ್ಚಿದಾಗಲೇ ಲೋವರ್ ಆರ್ಮಿನ ರಬ್ಬರ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ತುದಿ ನೋಡಿಸು. ಇಷ್ಟು ದಿನ ಓರೆಯಲ್ಲಿ ದುಡಿದ ಬುಷ್ ಹರಿದಿರುವುದೇ ಹೆಚ್ಚು, ಹರಿದ ಬುಷ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಮೊದಲ ಬ್ರೇಕಿಗೇ ಹೋಗುತ್ತದೆ. ತಂತಿ ಕಂಡ ಎರಡರ ಜಾಗಕ್ಕೆ ಸ್ಟೆಪ್ನಿಯನ್ನೂ ಅದೇ ಅಳತೆಯ ಒಳ್ಳೆಯ ಹಳೇ ಟೈರನ್ನೂ ಹಾಕಿಕೊಂಡು, ಮುನ್ನೂರು–ನಾನ್ನೂರು ಕಿಲೋಮೀಟರ್ ನಿಧಾನ ಓಡಿಸಿ ಸ್ಪ್ರಿಂಗ್ ಕೂರಲು ಬಿಡು. ಅದಾದ ಮೇಲೆ ಹೊಸ ಟೈರು, ಅದೇ ದಿನ ಅಲೈನ್‌ಮೆಂಟ್.

ಅಲೈನ್‌ಮೆಂಟ್ ಮಾಡುವಾಗ ಚಹಾ ಕುಡಿಯಲು ಹೋಗಬೇಡ, ಪಕ್ಕದಲ್ಲಿ ನಿಲ್ಲು. ಮೊದಲು ನಾಲ್ಕೂ ಗಾಲಿಗೆ ಹವಾ ನೋಡಬೇಕು. ಗಾಲಿಗೆ ಕ್ಲ್ಯಾಂಪ್ ಕಟ್ಟಿದ ಮೇಲೆ ಗಾಡಿಯನ್ನು ಹಿಂದೆ ಮುಂದೆ ತಳ್ಳಬೇಕು, ರಿಮ್ಮಿನ ಸೊಟ್ಟವನ್ನು ಮಷೀನು ಕಳೆಯುವುದು ಆಗಲೇ. ಅವಸರದ ದಿನ ಇದನ್ನೇ ಬಿಡುತ್ತಾರೆ. ಬಾನೆಟ್ ಅದುಮಿ ಕುಲುಕಿಸಿ ಗಾಡಿ ತನ್ನ ಎತ್ತರಕ್ಕೆ ಬರಬೇಕು. ಸ್ಟೀರಿಂಗ್ ನೆಟ್ಟಗೆ ಹಿಡಿದು ಲಾಕ್ ಹಾಕಿದ ಮೇಲೆಯೇ ಟೈ ರಾಡಿಗೆ ಪಾನಾ ಹಾಕಬೇಕು. ಸ್ವಿಫ್ಟಿನ ಮುಂದಿನ ಗಾಲಿಗೆ ಕಂಪನಿ ಕೊಟ್ಟಿರುವುದು ಟೋ ಹೊಂದಾಣಿಕೆ ಮಾತ್ರ. ಎತ್ತರ ಮೊದಲಿನಂತಾದರೆ ಕ್ಯಾಂಬರ್ ತಾನೇ ಜಾಗಕ್ಕೆ ಬರುತ್ತದೆ. ಬರದಿದ್ದರೆ ಏನೋ ಬಗ್ಗಿದೆ ಎಂದರ್ಥ, ಅದನ್ನು ಹುಡುಕಬೇಕು. ಕ್ಯಾಂಬರ್ ಬೋಲ್ಟ್ ಎಂದು ಪ್ರತ್ಯೇಕ ಸಿಗುತ್ತದೆ, ಒಂದು ಡಿಗ್ರಿಯ ಆಚೀಚೆ ಸರಿಪಡಿಸುತ್ತದೆ. ಆದರೆ ಬೋಲ್ಟಿನ ಬದಲು ಸ್ಟ್ರಟ್ಟಿನ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕೂಡಿದ ಕಂಬದ) ತೂತನ್ನೇ ಅರದಿಂದ ಉದ್ದ ಮಾಡುತ್ತೇನೆ ಎನ್ನುವವರಿಂದ ಗಾಡಿ ವಾಪಸ್ ತೆಗೆದುಕೊಂಡು ಬಾ.

ಪ್ರಶ್ನೆ: ನನ್ನ ಗಾಡಿ ಇಳಿಸಿಲ್ಲ. ಹಿಂದಿನ ಟೈರುಗಳಲ್ಲಿ ಅಲ್ಲಲ್ಲಿ ತಗ್ಗು ಬಿದ್ದಿವೆ, 60 ದಾಟಿದರೆ ಗುಂಯ್ ಎಂಬ ಸದ್ದು. ಬೇರಿಂಗ್ ಬದಲಿಸಿದರೂ ಹೋಗಿಲ್ಲ.
— ಓದುಗರು, ಶಹಾಪುರ

ಉತ್ತರ: ಬೇರಿಂಗ್ ಬದಲಿಸುವ ಮೊದಲು ಟೈರುಗಳನ್ನು ಹಿಂದೆ ಮುಂದೆ ಅದಲುಬದಲು ಮಾಡಬೇಕಿತ್ತು. ಸದ್ದು ಮುಂದಕ್ಕೆ ಬಂದರೆ ಟೈರಿನದು, ಹಿಂದೆಯೇ ಉಳಿದರೆ ಬೇರಿಂಗಿನದು. ಬಿಟ್ಟು ಬಿಟ್ಟು ತಗ್ಗು ಬೀಳುವುದು ಸಾಮಾನ್ಯವಾಗಿ ಸೋತ ಶಾಕ್ ಅಬ್ಸಾರ್ಬರಿನ ಗುರುತು: ಗಾಲಿ ರಸ್ತೆಯ ಮೇಲೆ ಪುಟಿಯುತ್ತ ಹೋಗುತ್ತದೆ, ಬಿದ್ದ ಕಡೆ ಕೆರೆಯುತ್ತದೆ. ಎಣ್ಣೆ ಸೋರಿದೆಯೇ ನೋಡಿಸಿ, ಬದಲಿಸುವುದಾದರೆ ಎರಡೂ ಒಟ್ಟಿಗೆ. ಸದ್ದು ಕೂಡಲೇ ನಿಲ್ಲದಿದ್ದರೆ ಗಾಬರಿಯಾಗಬೇಡಿ, ಟೈರಿನ ತಗ್ಗು ಹಾಗೇ ಇರುತ್ತದಲ್ಲ.

ಪ್ರಶ್ನೆ: ಇಳಿಸಿದ ಕಾರೊಂದು ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಬಂದಿದೆ. ಕೊಳ್ಳಬಹುದೇ?
— ಓದುಗರು, ಬೀದರ್

ಉತ್ತರ: ತಂಗೆಮ್ಮಾ, ಸ್ಟೀರಿಂಗ್ ಪೂರಾ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು ಟೈರಿನ ಒಳ ಅಂಚು ನೋಡಿ. ಟೈರು ಹೊಚ್ಚ ಹೊಸದಾಗಿದ್ದರೆ ಹಳೆಯದನ್ನು ಕೇಳಿ ನೋಡಿ, ಗಾಡಿಯ ಕಥೆ ಅದರ ಮೇಲಿರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಆರ್‌ಸಿಯ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ದಿನ ತಕರಾರಾಗಬಹುದು. ನಾಲ್ಕು ಸ್ಪ್ರಿಂಗು, ನಾಲ್ಕು ಶಾಕ್ ಅಬ್ಸಾರ್ಬರ್, ಬುಷ್, ಮಜೂರಿ ಎಷ್ಟಾಗುತ್ತದೆ ಎಂದು ಬಿಡಿಭಾಗದ ಅಂಗಡಿಯಲ್ಲಿ ಬರೆಸಿಕೊಂಡು ಹೋಗಿ, ಆ ಚೀಟಿ ಮುಂದಿಟ್ಟು ಅಷ್ಟನ್ನೂ ಬೆಲೆಯಲ್ಲಿ ಕಳೆಯಲು ಕೇಳಿ. ಒಪ್ಪದಿದ್ದರೆ ಬೇರೆ ಗಾಡಿ ನೋಡಿ.