ಕ್ಯಾಂಪರ್ ಎಳೆಯಲು ಹಿಂದೆ ಎರಡು ಚಕ್ರದ ಟ್ರಕ್ ಸಾಕೇ, ನಾಲ್ಕು ಚಕ್ರದ್ದೇ ಬೇಕೇ?

ನಮಸ್ಕಾರ. ನೀವು ಕೇಳಿರುವುದು ಇಷ್ಟು: ಮನೆ ಅಮೆರಿಕದ ಡೆನ್ವರ್ ಹತ್ತಿರ, ಮನೆಯಲ್ಲಿ ನಾಲ್ಕು ಜನ, ತುಂಬಿದಾಗ 13,000 ಪೌಂಡ್ ತೂಗಬಹುದಾದ ಫಿಫ್ತ್ ವೀಲ್ ಕ್ಯಾಂಪರ್, ಅಂದರೆ ಮೂತಿಯನ್ನು ಪಿಕಪ್ ಟ್ರಕ್ಕಿನ ತೊಟ್ಟಿಯೊಳಗೆ ಕೂರಿಸಿ ಎಳೆಯುವ ಚಕ್ರದ ಮನೆ, ಕೊಳ್ಳಬೇಕೆಂದಿದ್ದೀರಿ. ಮುಕ್ಕಾಲು ಟನ್ ವರ್ಗದ (ಮುಕ್ಕಾಲು ಟನ್, ಒಂದು ಟನ್ ಎನ್ನುವುದು ವರ್ಗದ ಹೆಸರಷ್ಟೇ, ಹೊರುವ ತೂಕವಲ್ಲ) ಟ್ರಕ್ಕೇ ಇದನ್ನು ಸಲೀಸಾಗಿ ಎಳೆಯುತ್ತದೆ ಎಂದು ಮಾರಾಟಗಾರ ಹೇಳುತ್ತಾನೆ. ಹಿಂದೆ ಬದಿಗೆ ಎರಡರಂತೆ ನಾಲ್ಕು ಚಕ್ರವಿರುವ, ಇಲ್ಲಿನವರು ಡ್ಯುಯಲಿ ಎನ್ನುವ ಟ್ರಕ್ಕನ್ನೇ ತೆಗೆದುಕೊಳ್ಳಿ ಎಂದು ಗೆಳೆಯರು ಹೇಳುತ್ತಾರೆ. ಯಾರ ಮಾತು ಕೇಳಬೇಕು?

ಗೆಳೆಯರ ಮಾತು ಕೇಳಿ. ಈ ಕ್ಯಾಂಪರನ್ನೇ ಕೊಳ್ಳುವುದಾದರೆ ಒಂದು ಟನ್ ವರ್ಗದ ಡ್ಯುಯಲಿಯೇ ಸರಿ. ಹಿಂಬದಿಯ ಕೊಕ್ಕೆಗೆ ಸಿಕ್ಕಿಸಿ ಎಳೆಯುವ 8,000 ಪೌಂಡಿನ ಸಾಧಾರಣ ಟ್ರಾವೆಲ್ ಟ್ರೇಲರ್ ಆಗಿದ್ದರೆ ಹಿಂದೆ ಎರಡೇ ಚಕ್ರ ಸಾಕು ಎನ್ನುತ್ತಿದ್ದೆ. ಈ ವ್ಯತ್ಯಾಸ ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದೇ ತಪ್ಪು ಲೆಕ್ಕವನ್ನು ನಾನೂ ಒಮ್ಮೆ ಹಾಕಿದ್ದೆ, ಅದೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು.

ನಿಮ್ಮ ಮಾರಾಟಗಾರ ಸುಳ್ಳು ಹೇಳಿಲ್ಲ. ಈಗಿನ ಡೀಸೆಲ್ ಎಂಜಿನ್‌ಗಳಿಗೆ 13,000 ಪೌಂಡ್ ಎಳೆಯುವುದು ದೊಡ್ಡ ಮಾತಲ್ಲ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವುದೂ ಎಳೆಯುವ ಭಾರವನ್ನೇ. ಆದರೆ ಹಿಂದೆ ಎಷ್ಟು ಚಕ್ರ ಬೇಕೆಂಬುದನ್ನು ತೀರ್ಮಾನಿಸುವುದು ಟ್ರಕ್ಕು ಎಳೆಯುವ ಭಾರವಲ್ಲ, ಬೆನ್ನ ಮೇಲೆ ಹೊರುವ ಭಾರ.

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದ್ದರೆ ಇದು ಥಟ್ಟನೆ ಹೊಳೆಯುತ್ತದೆ. ಹೊರೆ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಮೇಲಕ್ಕೆ ಜಗ್ಗುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಗಾಡಿ ನೆಟ್ಟಗೆ ಸಾಗಬೇಕಾದರೆ ನೊಗದ ಮೇಲೆ ಹದವಾದ ಭಾರ ಕೂರಲೇಬೇಕು. ಟ್ರೇಲರಿನದೂ ಅದೇ ಲೆಕ್ಕ. ಟ್ರಾವೆಲ್ ಟ್ರೇಲರ್ ತನ್ನ ತೂಕದಲ್ಲಿ ಶೇಕಡಾ 10ರಿಂದ 15ರಷ್ಟನ್ನು ಕೊಕ್ಕೆಯ ಮೇಲೆ ಹಾಕುತ್ತದೆ. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಬಾಲ ಬೀಸಲು ಶುರುಮಾಡುತ್ತದೆ. ಫಿಫ್ತ್ ವೀಲ್ ಕೂರುವುದು ಟ್ರಕ್ಕಿನ ತೊಟ್ಟಿಯೊಳಗೆ, ಹೆಚ್ಚೂಕಡಿಮೆ ಹಿಂದಿನ ಅಚ್ಚಿನ ನೇರಕ್ಕೆ. ಅದು ಹಾಕುವುದು ಶೇಕಡಾ 20ರಿಂದ 25. 8,000 ಪೌಂಡಿನ ಟ್ರಾವೆಲ್ ಟ್ರೇಲರಿನಿಂದ ಟ್ರಕ್ಕಿನ ಮೇಲೆ ಬೀಳುವುದು ಸುಮಾರು ಸಾವಿರ ಪೌಂಡ್. ನಿಮ್ಮ 13,000 ಪೌಂಡಿನ ಫಿಫ್ತ್ ವೀಲ್‌ನಿಂದ ಬೀಳುವುದು 2,600ರಿಂದ 3,250 ಪೌಂಡ್.

ನನ್ನ ಮೊದಲ ಟ್ರಕ್ಕು ಮುಕ್ಕಾಲು ಟನ್ ವರ್ಗದ ಡೀಸೆಲ್, ಹಿಂದೆ ಎರಡು ಚಕ್ರ. ಕ್ಯಾಂಪರ್ 12,000 ಪೌಂಡಿನದು. ಒಂದು ವರ್ಷ ಜೂನ್‌ನಲ್ಲಿ ಯೆಲ್ಲೋಸ್ಟೋನ್‌ಗೆ ಹೊರಟು ವಯೋಮಿಂಗ್‌ನ ಐ-80 ಹೆದ್ದಾರಿ ಹಿಡಿದಿದ್ದೆವು. ಲಾರಮಿ ಮತ್ತು ರಾಲಿನ್ಸ್ ನಡುವಿನ ಆ ದಾರಿಯಲ್ಲಿ ಬೀಸುವ ಗಾಳಿಯ ಬಗ್ಗೆ ಕೇಳಿರುತ್ತೀರಿ. ಎತ್ತರವಾಗಿದ್ದು ಹಗುರವಾಗಿರುವ ವಾಹನಗಳಿಗೆ ಆ ಹೆದ್ದಾರಿಯನ್ನು ಆಗಾಗ ಮುಚ್ಚಿಯೇಬಿಡುತ್ತಾರೆ. ಎಲ್ಕ್ ಮೌಂಟನ್ ಹತ್ತಿರ ಪಕ್ಕದಿಂದ ಒಂದು ಬೀಸು ಬಂತು. ಸ್ಟಿಯರಿಂಗ್ ನೆಟ್ಟಗೇ ಇತ್ತು, ಆದರೆ ನನ್ನ ಸೀಟಿನ ಕೆಳಗೆ ಟ್ರಕ್ಕಿನ ಹಿಂಭಾಗ ಒಂದು ಕ್ಷಣ ಪಕ್ಕಕ್ಕೆ ಹೊರಳಿ ಮತ್ತೆ ಬಂತು, ಕೆಸರಿನ ಮೇಲೆ ಕಾಲಿಟ್ಟಾಗ ಹಿಮ್ಮಡಿ ಜಾರುವ ಹಾಗೆ. ಟೈರಿನ ಪಕ್ಕದ ಗೋಡೆ ಭಾರಕ್ಕೆ ಬಾಗುತ್ತಿತ್ತು. ಹಿಂದಿನ ಸೀಟಿನಿಂದ ಮಗಳು "ಏನಾಯಿತು ಅಪ್ಪಾ?" ಎಂದು ಕೇಳಿದಳು. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಟ್ರಕ್ ಸ್ಟಾಪಿನಲ್ಲಿ ತೂಕದ ಕಟ್ಟೆ ಇತ್ತು. ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚು, ಮೂರನ್ನೂ ಅದು ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತದೆ. ಕ್ಯಾಂಪರ್ ಬಿಚ್ಚಿಟ್ಟು ಇನ್ನೊಮ್ಮೆ ತೂಗಿಸಿದೆ. ನಾವು ನಾಲ್ವರು ಮತ್ತು ಸಾಮಾನು ಸೇರಿ ಬರಿಯ ಟ್ರಕ್ಕು 8,700 ಪೌಂಡ್. ಕ್ಯಾಂಪರ್ ಕೂರಿಸಿದಾಗ 11,440. ಬಾಗಿಲ ಚೌಕಟ್ಟಿನ ಮೇಲೆ ಬರೆದಿದ್ದ ಟ್ರಕ್ಕಿನ ಒಟ್ಟು ತೂಕದ ಮಿತಿ 10,000. ಹಿಂದಿನ ಅಚ್ಚಿನ ಮಿತಿ 6,200, ಅದರ ಮೇಲೆ ಕೂತಿದ್ದದ್ದು 6,680. ಎಂಜಿನ್ ಒಂದು ಸಲವೂ ಏದುಸಿರು ಬಿಟ್ಟಿರಲಿಲ್ಲ. ಅದು ಎಳೆಯುತ್ತಲೇ ಇತ್ತು, ಆದ್ದರಿಂದಲೇ ನನಗೆ ಅನುಮಾನ ಬಂದಿರಲಿಲ್ಲ. ಅಲ್ಲಿಂದ ಗಂಟೆಗೆ 50 ಮೈಲಿ ಮೀರದೆ ಹೋಗಿ, ಬಂದ ಮೇಲೆ ಆ ಟ್ರಕ್ಕನ್ನು ಮಾರಿದೆ.

ಮಾರುವ ಮೊದಲು ಅಂಗಡಿಯವರೊಬ್ಬರು ಸ್ಪ್ರಿಂಗಿಗೆ ಗಾಳಿ ಚೀಲ ಹಾಕಿಸಿದರೆ ಸರಿಹೋಗುತ್ತದೆ ಎಂದರು. ದಯವಿಟ್ಟು ಆ ಮಾತಿಗೆ ಮರುಳಾಗಬೇಡಿ. ಗಾಳಿ ಚೀಲ ಕುಸಿದ ಬೆನ್ನನ್ನು ಮೇಲೆತ್ತಿ ನೆಟ್ಟಗೆ ಕಾಣುವಂತೆ ಮಾಡುತ್ತದೆ. ಅಚ್ಚು, ಬ್ರೇಕು, ಟೈರು ಹೊರಬಲ್ಲ ಮಿತಿ ಅದರಿಂದ ಒಂದು ಪೌಂಡೂ ಏರುವುದಿಲ್ಲ.

ಈಗ ನಿಮ್ಮ ಲೆಕ್ಕ ಹಾಕೋಣ. ಕ್ಯಾಂಪರಿನಿಂದ 2,900 ಪೌಂಡ್ ಎಂದಿಟ್ಟುಕೊಳ್ಳಿ. ಕ್ಯಾಂಪರನ್ನು ಸಿಕ್ಕಿಸಲು ತೊಟ್ಟಿಯಲ್ಲಿ ಕೂರಿಸುವ ಹಿಚ್ಚೇ 150ರಿಂದ 200 ಪೌಂಡ್ ಇರುತ್ತದೆ. ನಾಲ್ಕು ಜನ 550. ಸೌದೆ, ಸಲಕರಣೆ ಪೆಟ್ಟಿಗೆ, ಮಕ್ಕಳ ಸೈಕಲ್, ಸಣ್ಣ ಜನರೇಟರ್ ಸೇರಿ 250 ಎನ್ನಿ. ಒಟ್ಟು ಸುಮಾರು 3,900 ಪೌಂಡ್. ಮುಕ್ಕಾಲು ಟನ್ ಡೀಸೆಲ್ ಟ್ರಕ್ಕುಗಳಲ್ಲಿ ಹೊರುವ ಶಕ್ತಿ ಎಷ್ಟೋ ಸಲ 2,000-2,500ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಫೋರ್ಡ್ ಎಫ್-350, ರ‍್ಯಾಮ್ 3500, ಶೆವ್ರೊಲೆ ಸಿಲ್ವೆರಾಡೊ 3500 ಎಚ್‌ಡಿ ಮುಂತಾದ ಒಂದು ಟನ್ ಟ್ರಕ್ಕುಗಳು ಹಿಂದೆ ಎರಡು ಚಕ್ರದಲ್ಲೂ ನಾಲ್ಕು ಚಕ್ರದಲ್ಲೂ ಸಿಗುತ್ತವೆ. ಎರಡು ಚಕ್ರದ ಡೀಸೆಲ್ ಆದರೆ 4,000ದ ಸುತ್ತಮುತ್ತ, ಅಂದರೆ ನಿಮ್ಮ ಹೊರೆ ಅಂಚಿಗೆ ಬಂದು ನಿಲ್ಲುತ್ತದೆ. ಡ್ಯುಯಲಿ ಆದರೆ ಸಾಮಾನ್ಯವಾಗಿ 5,000 ದಾಟುತ್ತದೆ.

ಇವೆಲ್ಲ ಅಂದಾಜು. ಒಂದೇ ಮಾದರಿಯ ಎರಡು ಟ್ರಕ್ಕುಗಳ ನಡುವೆಯೂ ನೂರಾರು ಪೌಂಡ್ ವ್ಯತ್ಯಾಸ ಬರುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಭಾರ. ಚಾವಣಿಯ ಗಾಜು, ದೊಡ್ಡ ಕ್ಯಾಬಿನ್, ಚರ್ಮದ ಸೀಟು, ಪ್ರತಿಯೊಂದೂ ನಿಮ್ಮ ಹೊರೆಯ ಪಾಲನ್ನೇ ತಿನ್ನುತ್ತದೆ.

ಚಕ್ರ ಹೆಚ್ಚಾದರೆ ನಿಜವಾಗಿ ಎಷ್ಟು ಲಾಭ ಎಂದು ತಿಳಿಯಲು ಟೈರಿನ ಮೈಮೇಲಿನ ಬರಹವನ್ನೇ ಓದಬಹುದು. ರ‍್ಯಾಮ್ 3500 ಡ್ಯುಯಲಿಗೆ ಬರುವ 17 ಇಂಚಿನ ಟೈರಿನ ಮೇಲೆ 120/117 ಎಂದು ಇರುತ್ತದೆ. ಒಂಟಿಯಾಗಿದ್ದರೆ ಅದು 1,400 ಕಿಲೋ ಹೊರುತ್ತದೆ, ಜೋಡಿಯಲ್ಲಿ 1,285 ಕಿಲೋ ಮಾತ್ರ ಎಂದು ಇದರ ಅರ್ಥ. ಜೋಡಿಯಲ್ಲಿ ಇಬ್ಬರೂ ಸದಾ ಸರಿಸಮನಾಗಿ ಹೊರುವುದಿಲ್ಲ, ನಡುವೆ ಶಾಖವೂ ಕೂಡಿಕೊಳ್ಳುತ್ತದೆ, ಅದಕ್ಕೇ ಈ ಕಡಿತ. ಹಾಗಿದ್ದರೂ ನಾಲ್ಕು ಸೇರಿ 5,140 ಕಿಲೋ, ಪೌಂಡಿನಲ್ಲಿ 11,300ಕ್ಕೂ ಹೆಚ್ಚು. ಎರಡು ಚಕ್ರದ ಟ್ರಕ್ಕಿಗೆ ಹಾಕುವ ದೊಡ್ಡ 18 ಇಂಚಿನ ಟೈರು ಒಂದಕ್ಕೆ 1,650 ಕಿಲೋ ಹೊತ್ತರೂ ಎರಡಕ್ಕೆ ಸುಮಾರು 7,270 ಪೌಂಡೇ ಆಯಿತು. ಇದರ ಜೊತೆಗೆ ಹಿಂದಿನ ಹೆಜ್ಜೆ ಅಗಲವಾಗುತ್ತದೆ. ಐ-80ರಲ್ಲಿ ನನ್ನನ್ನು ಹೆದರಿಸಿದ ಆ ಹೊರಳಾಟ ಡ್ಯುಯಲಿಯಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದೇ ದಾರಿಯಲ್ಲಿ ಆಮೇಲೆ ಮೂರು ಸಲ ಹೋಗಿ ಬಂದಿದ್ದೇನೆ. ಹಿಂದೆ ಒಂದು ಟೈರು ಸಿಡಿದರೂ ಪಕ್ಕದ್ದು ಟ್ರಕ್ಕನ್ನು ಹಿಡಿದುಕೊಂಡು ರಸ್ತೆ ಬದಿಗೆ ಸೇರಿಸುತ್ತದೆ. ಒಂಟಿ ಚಕ್ರದಲ್ಲಿ ಆ ಭಾಗ್ಯವಿಲ್ಲ.

ಒಂದು ತಪ್ಪು ತಿಳಿವಳಿಕೆ ಬೇಡ. ಇಳಿಜಾರಿನಲ್ಲಿ ನಿಮ್ಮನ್ನು ಕಾಪಾಡುವುದು ಚಕ್ರದ ಸಂಖ್ಯೆಯಲ್ಲ. ನೀವು ವಾರಾಂತ್ಯಕ್ಕೆ ಹೋಗುವುದು ಐ-70ರಲ್ಲೇ. 11,158 ಅಡಿ ಎತ್ತರದ ಐಸೆನ್‌ಹೋವರ್ ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಇಳಿಯುವಾಗ ಶೇಕಡಾ 7ರ ಇಳಿಜಾರು ಬರುತ್ತದೆ, ಬ್ರೇಕ್ ಕೈಕೊಟ್ಟ ಲಾರಿಗಳಿಗೆಂದು ಪಕ್ಕದಲ್ಲಿ ದಿಬ್ಬದ ದಾರಿ ಮಾಡಿಟ್ಟಿದ್ದಾರೆ. ಅಲ್ಲಿ ಕೆಲಸಕ್ಕೆ ಬರುವುದು ಹೊಗೆಯ ದಾರಿಯನ್ನು ಕಟ್ಟಿ ವೇಗ ತಗ್ಗಿಸುವ ಎಂಜಿನ್ನಿನ ಎಕ್ಸಾಸ್ಟ್ ಬ್ರೇಕ್, ಕ್ಯಾಂಪರಿನ ಸ್ವಂತ ಬ್ರೇಕ್, ಇಳಿಯುವ ಮೊದಲೇ ತಗ್ಗಿಸಿದ ಗೇರು.

ಡ್ಯುಯಲಿಯ ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಹಿಂಭಾಗ ಸುಮಾರು 8 ಅಡಿ ಅಗಲ, ಎರಡು ಚಕ್ರದ್ದಕ್ಕಿಂತ ಪ್ರತಿ ಬದಿಗೂ ಹೆಚ್ಚೂಕಡಿಮೆ ಒಂದು ಗೇಣು ಹೆಚ್ಚು. ಯಂತ್ರವೇ ಎಳೆದುಕೊಂಡು ಹೋಗಿ ತೊಳೆಯುವ ಕಡೆಗಳಲ್ಲಿ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಅಂಗಡಿ ಮುಂದಿನ ಪಾರ್ಕಿಂಗ್‌ನಲ್ಲಿ ದೂರದ ಮೂಲೆ ಹುಡುಕಬೇಕು. ಟೈರು ಬದಲಿಸುವಾಗ ಆರಕ್ಕೆ ದುಡ್ಡು. ಕ್ಯಾಂಪರ್ ಇಲ್ಲದೆ ಖಾಲಿ ಓಡಿಸುವಾಗ ಹಿಮದಲ್ಲಿ ಹಿಡಿತ ಕಡಿಮೆ, ಏಕೆಂದರೆ ಇದ್ದ ಅಲ್ಪ ತೂಕವೂ ನಾಲ್ಕು ಟೈರುಗಳಿಗೆ ಹಂಚಿಹೋಗಿ ಅವು ಹಿಮದ ಮೇಲೆ ತೇಲುತ್ತವೆ. ಆದರೆ ಅಗಲದ ಬಗ್ಗೆ ಒಂದು ಮಾತು: ಕ್ಯಾಂಪರ್ ಕಟ್ಟಿಕೊಂಡಾಗ ಅದೇ 8 ಅಥವಾ 8.5 ಅಡಿ ಅಗಲವಿರುತ್ತದೆ. ಪ್ರವಾಸದಲ್ಲಿ ಡ್ಯುಯಲಿಯಿಂದ ಹೊಸ ತೊಂದರೆಯೇನೂ ಹುಟ್ಟುವುದಿಲ್ಲ, ತೊಂದರೆ ಊರೊಳಗಿನ ದಿನಗಳಲ್ಲಿ.

ಎಲ್ಲಕ್ಕಿಂತ ಗಮನ ಕೊಡಬೇಕಾದದ್ದು ಒಳಗಿನ ಟೈರು. ಹೊರಗಿನದು ಅದನ್ನು ಮರೆಮಾಡಿರುತ್ತದೆ. ಒಳಗಿನದು ಇಳಿದರೂ ಟ್ರಕ್ಕು ವಾಲುವುದಿಲ್ಲ, ಹೊರಗಿನದೊಂದೇ ಇಡೀ ಭಾರ ಹೊತ್ತು ಬಿಸಿಯಾಗುತ್ತಾ ಹೋಗಿ ಅದೂ ಸಿಡಿಯುತ್ತದೆ. ಟೈರಿನ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆಯನ್ನು ಕಡ್ಡಾಯ ಮಾಡುವ ಅಮೆರಿಕದ ನಿಯಮ ಜೋಡಿ ಚಕ್ರದ ವಾಹನಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ನೀವು ನೋಡುವ ಟ್ರಕ್ಕಿನಲ್ಲಿ ಅದು ಇದೆಯೇ ಎಂದು ಕೇಳಿ.

ನನ್ನ ತಂದೆ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದರು. ಸಕಲೇಶಪುರದಲ್ಲಿ ಚಹಾ ಕುಡಿದು ಘಾಟಿ ಇಳಿಯುವ ಮೊದಲು ಕಬ್ಬಿಣದ ರಾಡು ಹಿಡಿದು ಲಾರಿಗೆ ಒಂದು ಸುತ್ತು ಬರುತ್ತಿದ್ದರು, ಪ್ರತಿ ಟೈರಿಗೂ ಒಂದೊಂದು ಏಟು. ಗಾಳಿ ಗಟ್ಟಿಯಿದ್ದರೆ ಠಣ್ಣೆಂದು ರಾಡು ಪುಟಿಯುತ್ತಿತ್ತು, ಇಳಿದಿದ್ದರೆ ದಪ್ಪನೆ ಸದ್ದು ಬಂದು ರಾಡು ಅಲ್ಲೇ ನಿಲ್ಲುತ್ತಿತ್ತು. ಜೋಡಿ ಟೈರುಗಳ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲನ್ನೂ ಅದೇ ರಾಡಿನಿಂದ ಎಬ್ಬಿಸುತ್ತಿದ್ದರು. ಇಂದು ಪ್ರತಿ ಪ್ರವಾಸದ ಬೆಳಿಗ್ಗೆ ನಾನು ಮಾಡುವುದೂ ಅದನ್ನೇ. ಏಟಿನ ಸದ್ದು ಪೂರ್ತಿ ಇಳಿದ ಟೈರನ್ನು ಮಾತ್ರ ಹಿಡಿದುಕೊಡುತ್ತದೆ, 10 ಪಿಎಸ್‌ಐ ಕಡಿಮೆಯಿರುವುದನ್ನು ಹೇಳುವುದಿಲ್ಲ. ಹಾಗಾಗಿ ಎರಡು ಕಡೆ ಬಾಯಿಯಿರುವ ಉದ್ದ ಕತ್ತಿನ ಗೇಜ್ ಕೊಂಡುಕೊಳ್ಳಿ. ಮಂಡಿಯೂರಿ, ಹೊರಗಿನ ಚಕ್ರದ ತೂತಿನೊಳಗೆ ಅದನ್ನು ತೂರಿಸಿ ಒಳಗಿನ ವಾಲ್ವಿಗೆ ಒತ್ತಬೇಕು. ಮೊದಮೊದಲು ಕೈಗೆ ಸಿಗುವುದಿಲ್ಲ, ನಾಲ್ಕೈದು ಸಲಕ್ಕೆ ರೂಢಿಯಾಗುತ್ತದೆ. ಅಂದಕ್ಕೆಂದು ದಪ್ಪ ಟೈರು ಹಾಕಿಸಬೇಡಿ. ಜೋಡಿಯ ನಡುವಿನ ಸಂದಿ ಮುಚ್ಚಿದರೆ ಎರಡೂ ಒಂದಕ್ಕೊಂದು ಉಜ್ಜಿ ಸವೆಯುತ್ತವೆ.

ಇದೇ ಟ್ರಕ್ಕಿನಲ್ಲಿ ಪ್ರತಿದಿನ ಮಕ್ಕಳನ್ನು ಶಾಲೆಗೂ ಬಿಡಬೇಕು ಎಂದು ಕೊನೆಯಲ್ಲಿ ಬರೆದಿದ್ದೀರಿ. ಅದೇ ಮುಖ್ಯವಾದರೆ ಬದಲಿಸಬೇಕಾದದ್ದು ಕ್ಯಾಂಪರನ್ನು. 10,000 ಪೌಂಡಿನ ಫಿಫ್ತ್ ವೀಲ್ ನೋಡಿ. ಅದರ ಹೊರೆ ಸುಮಾರು 2,200, ನಿಮ್ಮ ಜನ ಮತ್ತು ಸಾಮಾನು ಸೇರಿ 3,200ರ ಒಳಗೆ. ಎರಡು ಚಕ್ರದ ಒಂದು ಟನ್ ಟ್ರಕ್ಕು ಅದನ್ನು ಹೊತ್ತು ಇನ್ನೂ ಉಸಿರಾಡುತ್ತದೆ. ದೊಡ್ಡ ಕ್ಯಾಂಪರ್ ಇಟ್ಟುಕೊಂಡು ಟ್ರಕ್ಕಿನಲ್ಲಿ ರಾಜಿ ಮಾಡಿಕೊಳ್ಳುವ ಮೂರನೆಯ ದಾರಿಯನ್ನು ಮಾತ್ರ ನಾನು ಒಪ್ಪುವುದಿಲ್ಲ.

ಟ್ರಕ್ಕು ನೋಡಲು ಹೋದಾಗ ಚಾಲಕನ ಬಾಗಿಲು ತೆರೆದು, ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯ ಫೋಟೊ ತೆಗೆದುಕೊಳ್ಳಿ. 10,000 ಪೌಂಡಿಗಿಂತ ಹೆಚ್ಚಿನ ಮಿತಿಯ ಟ್ರಕ್ಕುಗಳಲ್ಲಿ ಎಷ್ಟು ಹೊರಬಹುದು ಎಂದು ನೇರವಾಗಿ ಬರೆದಿರಲೇಬೇಕೆಂದಿಲ್ಲ. ಆಗ ಟ್ಯಾಂಕ್ ತುಂಬಿಸಿ, ಪರೀಕ್ಷೆಗೆ ಓಡಿಸುವ ನೆಪದಲ್ಲೇ ತೂಕದ ಕಟ್ಟೆಗೆ ಹೋಗಿ, ಬಂದ ತೂಕವನ್ನು ಒಟ್ಟು ಮಿತಿಯಿಂದ ಕಳೆಯಿರಿ. ಮಾರಾಟಗಾರರಿಗೆ ಮೊದಲೇ ಹೇಳಿದರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಆ ಅಂಕಿಗಳನ್ನೂ ಕ್ಯಾಂಪರಿನ ಚೀಟಿಯ ಅಂಕಿಗಳನ್ನೂ ಇಲ್ಲಿ ಬರೆಯಿರಿ, ಮುಂಗಡ ಕೊಡುವ ಮೊದಲು ಇಬ್ಬರೂ ಕೂತು ಕೂಡಿ ಕಳೆದು ನೋಡೋಣ.